ಸಂಘದ ಪಟ್ಟಿ ಎಕ್ಸೆಲ್‌ನಲ್ಲಿದೆ, ವೆಬ್‌ಸೈಟ್‌ಗೆ ಡೇಟಾಬೇಸ್ ಬೇಕಂತೆ. ಎಲ್ಲಿಂದ ಶುರು ಮಾಡಲಿ?

ಡೊಂಬಿವಲಿ_ಪೂರ್ವ
ಎಲ್ಲರಿಗೂ ನಮಸ್ಕಾರ. ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಚಿಕ್ಕ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ಅಂದರೆ ಕುರ್ಚಿ ಜೋಡಿಸುವುದು, ಮೈಕ್ ತರುವುದು, ಬೈಸಿಕೊಳ್ಳುವುದು. ಸಂಘದಲ್ಲಿ 640 ಮನೆಗಳಿವೆ. ಪಟ್ಟಿ ಎಕ್ಸೆಲ್‌ನಲ್ಲಿದೆ. ಒಂದು ಪ್ರತಿ ನನ್ನ ಹತ್ತಿರ, ಒಂದು ಖಜಾಂಚಿ ಹತ್ತಿರ, ಇನ್ನೊಂದು ವಾಟ್ಸ್ಯಾಪ್ ಗುಂಪಿನಲ್ಲಿ 'ಫೈನಲ್ ಹೊಸದು 2' ಅನ್ನೋ ಹೆಸರಲ್ಲಿ ತಿರುಗಾಡುತ್ತಿದೆ. ಮೂರೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೋದ ರಾಜ್ಯೋತ್ಸವದ ಹೊತ್ತಿಗೆ, ವಂತಿಗೆ ಕಟ್ಟಿದವರಿಗೇ ಫೋನ್ ಮಾಡಿ 'ಬಾಕಿ ಇದೆ' ಅಂದುಬಿಟ್ಟೆ. ಅವರು ನಮ್ಮ ಮಾಜಿ ಅಧ್ಯಕ್ಷರು. ಆಮೇಲೆ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ.

ಈಗ ಕಮಿಟಿಗೆ ವೆಬ್‌ಸೈಟ್ ಬೇಕಂತೆ. ವಂತಿಗೆ ಕಟ್ಟಿದ್ದೀವಾ ಇಲ್ಲವಾ ಅಂತ ಸದಸ್ಯರೇ ನೋಡಿಕೊಳ್ಳಬೇಕು. ಪಿಕ್‌ನಿಕ್‌ಗೆ ಹೆಸರು ಕೊಡಬೇಕು. ನಮ್ಮ ಕಪಾಟಿನ ಸುಮಾರು 900 ಪುಸ್ತಕಗಳಲ್ಲಿ ಬೇಕಾದ್ದನ್ನು ಹುಡುಕಬೇಕು. ನನಗೆ ಎಚ್‌ಟಿಎಂಎಲ್ ಅಷ್ಟಿಷ್ಟು ಬರುತ್ತದೆ. ಅಕ್ಕನ ಮಗನನ್ನು ಕೇಳಿದರೆ 'ಮಾಮಾ, ಡೇಟಾಬೇಸ್ ಹಾಕು' ಅಂತ ಹೇಳಿ ಫೋನ್ ಇಟ್ಟ. ಹಾಕು ಅಂದರೆ ಏನು ಹಾಕಬೇಕು? ಎಕ್ಸೆಲ್ ಯಾಕೆ ಸಾಲದು?

ಕಲ್ಯಾಣ_ಜಂಕ್ಷನ್
ಮೊದಲು 'ಫೈನಲ್ ಹೊಸದು 2' ಅಳಿಸಿ. ಅರ್ಧ ಕೆಲಸ ಆಯಿತು.

ಮುಲುಂಡ_ಮಾವ
ಎಕ್ಸೆಲ್ ಧಾರಾಳ ಸಾಕು. ಒಂದು ಶೀಟ್‌ನಲ್ಲಿ 10,48,576 ಸಾಲು ಹಿಡಿಯುತ್ತದೆ. ನಿಮ್ಮದು 640. ಮೂವತ್ತು ವರ್ಷ ಆಫೀಸಿನ ಲೆಕ್ಕವನ್ನೆಲ್ಲ ಶೀಟ್‌ನಲ್ಲೇ ಮಾಡಿದವನು ನಾನು. ಈಗಿನ ಹುಡುಗರಿಗೆ ಎಲ್ಲದಕ್ಕೂ ದೊಡ್ಡ ಹೆಸರು ಬೇಕು.

ಚಿಂಚವಡ_ಚಕ್ಕುಲಿ
ಮಾವ, ತೊಂದರೆ ಸಾಲುಗಳದ್ದಲ್ಲ. ಶೀಟ್ ಅನ್ನು ಒಬ್ಬರು ಕೂತು ತುಂಬುತ್ತಾರೆ. ವೆಬ್‌ಸೈಟ್‌ಗೆ ಒಂದೇ ಹೊತ್ತಿಗೆ ಇಪ್ಪತ್ತು ಜನ ಬರುತ್ತಾರೆ. ಯಾರು ಏನು ನೋಡಬಹುದು, ಯಾರು ಏನು ಬದಲಿಸಬಹುದು ಅಂತ ಕಾಯಬೇಕು. ಶೀಟ್ ಅಷ್ಟಾಗಿ ಕಾಯುವುದಿಲ್ಲ. ವಯಸ್ಸಿನ ಜಾಗದಲ್ಲಿ 'ಗೊತ್ತಿಲ್ಲ, ಕೇಳಿ ಹೇಳ್ತೀನಿ' ಅಂತ ಬರೆದರೂ ಸುಮ್ನೆ ತೆಗೆದುಕೊಳ್ಳುತ್ತದೆ.

ಡೊಂಬಿವಲಿಯವರೇ, ಇಷ್ಟು ತಿಳಿದುಕೊಳ್ಳಿ. ಡೇಟಾಬೇಸ್ ಅಂದರೆ ಬರೀ ಫೈಲ್ ಅಲ್ಲ. ಮಾಹಿತಿಯನ್ನು ತನ್ನ ಹತ್ತಿರ ಇಟ್ಟುಕೊಂಡು, ಕೇಳಿದ್ದಕ್ಕೆ ಉತ್ತರ ಕೊಡುವ ಒಂದು ಪ್ರೋಗ್ರಾಂ. 900 ಪುಸ್ತಕಕ್ಕೆ ನೀವು 900 ಪುಟ ಬರೆಯುವುದಿಲ್ಲ. ಒಂದೇ ಪುಟದ ಅಚ್ಚು ಮಾಡುತ್ತೀರಿ. ಯಾರಾದರೂ 412ನೇ ಪುಸ್ತಕ ಕೇಳಿದಾಗ ಪಿಎಚ್‌ಪಿ ಥರದ ಭಾಷೆಯಲ್ಲಿ ಬರೆದ ನಿಮ್ಮ ಪ್ರೋಗ್ರಾಂ ಡೇಟಾಬೇಸನ್ನು ಕೇಳಿ, ಬಂದ ಉತ್ತರವನ್ನು ಆ ಅಚ್ಚಿಗೆ ಸುರಿದು ಕಳಿಸುತ್ತದೆ. ಆ ಪುಟ ಎಲ್ಲೂ ಇಟ್ಟಿರುವುದಿಲ್ಲ, ಕೇಳಿದ ಕ್ಷಣಕ್ಕೆ ಹುಟ್ಟುತ್ತದೆ.

ಮಾಟುಂಗಾ_ಮಾರಾಯ
ನಮ್ಮ ಹೋಟೆಲಿನ ಹಾಗೆ ಮಾರಾಯ್ರೇ. ಗಿರಾಕಿ ಮಾಣಿಗೆ ಹೇಳುತ್ತಾನೆ, ಮಾಣಿ ಒಳಗೆ ಕೂಗುತ್ತಾನೆ. ಗಿರಾಕಿಯನ್ನು ಯಾರೂ ಉಗ್ರಾಣಕ್ಕೆ ಬಿಡುವುದಿಲ್ಲ. ಬ್ರೌಸರ್ ಗಿರಾಕಿ, ಪಿಎಚ್‌ಪಿ ಮಾಣಿ, ಡೇಟಾಬೇಸ್ ಉಗ್ರಾಣ.

ಕಲ್ಯಾಣ_ಜಂಕ್ಷನ್
ಹೊರಗೆ ಒಂದು ಗಂಟೆ ಕ್ಯೂ ನಿಂತು ಕಾಯುತ್ತೀವಲ್ಲ, ಅದು ಏನು? ಸರ್ವರ್ ಡೌನಾ?

ಮಾಟುಂಗಾ_ಮಾರಾಯ
ಭಾನುವಾರ ಬೆಳಿಗ್ಗೆ ಮಾಟುಂಗಾಕ್ಕೆ ಬಂದರೆ ಹಾಗೇ. ಶನಿವಾರ ಬನ್ನಿ.

ಬಾಣೇರ್_ಬೈಕ್
ಸಾಫ್ಟ್‌ವೇರ್ ಯಾವುದು ಅನ್ನೋದು ಆಮೇಲೆ. ಮೊದಲು ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ನಿಮ್ಮ ಶೀಟ್ ಹೇಗಿರುತ್ತದೆ ಅಂತ ನೋಡದೆಯೇ ಹೇಳುತ್ತೇನೆ: ಹೆಸರು, ಹೆಂಡತಿ ಹೆಸರು, ಮಗು 1, ಮಗು 2, ಮಗು 3, ವಿಳಾಸ, ಫೋನ್, 2019 ವಂತಿಗೆ, 2020 ವಂತಿಗೆ, 2021 ವಂತಿಗೆ... ಸರೀನಾ?

ಡೊಂಬಿವಲಿ_ಪೂರ್ವ
ಅಯ್ಯೋ, ಕದ್ದು ನೋಡಿದಿರಾ? ನಾಲ್ಕು ಮಕ್ಕಳಿದ್ದ ಮನೆಗೆ 'ಮಗು 3' ಖಾನೆಯಲ್ಲೇ ಇಬ್ಬರ ಹೆಸರು ಹಾಕಿದ್ದೇವೆ.

ಬಾಣೇರ್_ಬೈಕ್
ಎಲ್ಲ ಸಂಘದ್ದೂ ಹಾಗೇ ಇರುತ್ತದೆ. ರೋಗ ಅಲ್ಲೇ ಇದೆ. ವರ್ಷಕ್ಕೊಂದು ಹೊಸ ಕಾಲಂ ಸೇರಿಸಬೇಕಾಗಿ ಬಂದರೆ ಪಟ್ಟಿಯ ಆಕಾರವೇ ತಪ್ಪಿದೆ ಅಂತ ಅರ್ಥ. ಡೇಟಾಬೇಸ್‌ನಲ್ಲಿ ಅದನ್ನು ಒಡೆಯಬೇಕು. 'ಮನೆಗಳು' ಅಂತ ಒಂದು ಟೇಬಲ್: ಮನೆ ಸಂಖ್ಯೆ, ವಿಳಾಸ, ಸ್ಟೇಷನ್. 'ಸದಸ್ಯರು' ಅಂತ ಇನ್ನೊಂದು: ಒಬ್ಬರಿಗೆ ಒಂದು ಸಾಲು, ಪಕ್ಕದಲ್ಲಿ ಅವರು ಯಾವ ಮನೆ ಸಂಖ್ಯೆಗೆ ಸೇರಿದವರು ಅಂತ. 'ಪಾವತಿ' ಮೂರನೆಯದು: ಯಾವ ಮನೆ, ಯಾವ ವರ್ಷದ್ದು, ಎಷ್ಟು, ಯಾವತ್ತು ಕಟ್ಟಿದರು. ಮಕ್ಕಳು ಎಷ್ಟೇ ಇರಲಿ, ವರ್ಷಗಳು ಎಷ್ಟೇ ಬರಲಿ, ಸಾಲು ಜಾಸ್ತಿಯಾಗುತ್ತದೆ ಅಷ್ಟೇ. ಕಾಲಂ ಮುಟ್ಟಬೇಕಾಗಿಲ್ಲ.

ಆಮೇಲೆ ಮೂರನ್ನೂ ಜೋಡಿಸಿ ಕೇಳಬಹುದು. ಅದಕ್ಕೆ ಜಾಯಿನ್ ಅನ್ನುತ್ತಾರೆ. ಕೇಳುವ ಭಾಷೆ ಎಸ್‌ಕ್ಯೂಎಲ್. 'ಸೆಲೆಕ್ಟ್ ವಿಳಾಸ, ಫ್ರಮ್ ಮನೆಗಳು, ವೇರ್ ಸ್ಟೇಷನ್ ಠಾಕುರ್ಲಿ'. ಇಲ್ಲಿ ಕನ್ನಡದಲ್ಲಿ ಬರೆದೆ, ಅಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಹೇಗೆ ಹುಡುಕಬೇಕು ಅಂತ ನೀವು ಹೇಳುವುದಿಲ್ಲ, ಏನು ಬೇಕು ಅಂತ ಮಾತ್ರ ಹೇಳುತ್ತೀರಿ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಬರೆದ ಒಂದು ಲೇಖನದಿಂದ ಇದೆಲ್ಲ ಶುರುವಾಯಿತು. ಇಷ್ಟು ವರ್ಷವಾದರೂ ಆ ಟೇಬಲ್‌ಗಳೇ ನಡೆಯುತ್ತಿವೆ.

ಡೊಂಬಿವಲಿ_ಪೂರ್ವ
ಮನೆ ಸಂಖ್ಯೆ ಯಾಕೆ? ಫೋನ್ ನಂಬರನ್ನೇ ಗುರುತಿಗೆ ಇಟ್ಟುಕೊಂಡರೆ ಆಗುವುದಿಲ್ವಾ?

ಮಾಟುಂಗಾ_ಮಾರಾಯ
ಗುರುತು ಅಂದರೆ ಊಟದ ಡಬ್ಬಿ ಆಫೀಸಿಗೆ ಮುಟ್ಟಿಸುವ ಡಬ್ಬಾವಾಲರ ಕೋಡ್ ಇದ್ದ ಹಾಗೆ. ಡಬ್ಬಿ ಮುಚ್ಚಳದ ಮೇಲೆ ಒಂದಷ್ಟು ಅಕ್ಷರ, ಒಂದಷ್ಟು ಅಂಕಿ. ಅಷ್ಟರಲ್ಲೇ ಚರ್ಚ್‌ಗೇಟ್‌ನ ಯಾವ ಕಟ್ಟಡ, ಯಾವ ಮಹಡಿ ಎಲ್ಲ ಗೊತ್ತಾಗುತ್ತದೆ. ಅದೇ ಪ್ರೈಮರಿ ಕೀ.

ಚಿಂಚವಡ_ಚಕ್ಕುಲಿ
ಇಲ್ಲ, ಇಲ್ಲೇ ಎಲ್ಲರೂ ಎಡವುವುದು. ಡಬ್ಬಿಯ ಕೋಡ್ ವಿಳಾಸ, ಗುರುತಲ್ಲ. ಆಫೀಸ್ ಬದಲಾದರೆ ಕೋಡ್ ಬದಲಾಗುತ್ತದೆ, ಊಟ ಮಾಡುವವರು ಬದಲಾಗುವುದಿಲ್ಲ. ಪ್ರೈಮರಿ ಕೀಗೆ ಅರ್ಥವೇ ಇರಬಾರದು. 1, 2, 3 ಅಂತ ಡೇಟಾಬೇಸೇ ಕೊಟ್ಟುಕೊಂಡು ಹೋಗಲಿ. ಫೋನ್ ನಂಬರ್ ಇಟ್ಟರೆ ಗಂಡ ಹೆಂಡತಿ ಇಬ್ಬರದೂ ಒಂದೇ ನಂಬರ್ ಇರುವ ಮನೆಗೆ ಏನು ಮಾಡುತ್ತೀರಿ? ನಂಬರ್ ಬದಲಿಸಿದರೆ ಹಳೆಯ ಪಾವತಿಗಳೆಲ್ಲ ಅನಾಥ. ಈ ಮಾತಿಗೆ ನನ್ನ ಹತ್ತಿರ ಹನ್ನೆರಡು ವರ್ಷದ ಗಾಯಗಳಿವೆ. ಡೇಟಾಬೇಸ್ ನೋಡಿಕೊಳ್ಳುವುದೇ ನನ್ನ ಕೆಲಸ.

ಇನ್ನೊಂದು. ಪಾವತಿ ಟೇಬಲ್‌ನಲ್ಲಿರುವ ಮನೆ ಸಂಖ್ಯೆಯನ್ನು ಫಾರಿನ್ ಕೀ ಅಂತ ಗುರುತು ಮಾಡಿ. ಆಗ ಇಲ್ಲದ ಮನೆಯ ಹೆಸರಲ್ಲಿ ವಂತಿಗೆ ಹಾಕಲು ಹೋದರೆ ಡೇಟಾಬೇಸೇ ಬಾಗಿಲು ಹಾಕುತ್ತದೆ.

ಮಾಟುಂಗಾ_ಮಾರಾಯ
ಒಪ್ಪಿದೆ. ಡಬ್ಬಿ ವಾಪಸ್ ತಗೊಂಡೆ.

ವಾಸ್ಕೋ_ಬಂದರು
ಫೋನ್ ನಂಬರ್ ಅಂದಾಗ ನನ್ನದೂ ಒಂದು ಇದೆ. ಗೋವಾದಲ್ಲಿ ಒಂದು ಫುಟ್‌ಬಾಲ್ ಪಂದ್ಯಾವಳಿಗೆ ಹೆಸರು ನೋಂದಾಯಿಸುವ ಸೈಟ್ ಮಾಡಿದ್ದೆ. ಫೋನ್ ಕಾಲಂಗೆ ಇಂಟ್, ಅಂದರೆ ಪೂರ್ಣ ಸಂಖ್ಯೆ ಅಂತ ಕೊಟ್ಟೆ, ಅಂಕಿಗಳೇ ಅಲ್ವಾ ಅಂತ. ಮೊದಲ ದಿನ 70 ಆಟಗಾರರು. ಸಂಜೆ ತೆಗೆದು ನೋಡಿದರೆ ಎಲ್ಲರ ಫೋನೂ ಒಂದೇ: 2147483647. ಇಂಟ್ ಹಿಡಿಯುವ ಅತಿ ದೊಡ್ಡ ಸಂಖ್ಯೆ ಅದು. ನಮ್ಮ ಮೊಬೈಲ್ ನಂಬರುಗಳು 6ರಿಂದ 9ರೊಳಗೆ ಶುರುವಾಗುವ ಹತ್ತು ಅಂಕಿ, ಹಾಗಾಗಿ ಒಂದೂ ಅದರಲ್ಲಿ ಹಿಡಿಯುವುದಿಲ್ಲ. ಆ ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸ್ ತಕರಾರು ಮಾಡದೆ ಎಲ್ಲವನ್ನೂ ಕತ್ತರಿಸಿ ಅಲ್ಲಿಗೇ ನಿಲ್ಲಿಸಿತ್ತು. 5.7ನೇ ಆವೃತ್ತಿಯಿಂದ ಮೊದಲೇ ಬಿಗಿಯಾಗಿ ಬರುತ್ತದೆ, ತಪ್ಪು ಅಂತ ಮುಖಕ್ಕೇ ಹೇಳುತ್ತದೆ.

70 ಜನರನ್ನು ಮೈದಾನದಲ್ಲೇ ಹಿಡಿದು ನಂಬರ್ ಬರೆದುಕೊಂಡೆ. ಕೂಡಿಸುವುದು, ಕಳೆಯುವುದು ಇಲ್ಲದ ಅಂಕಿಗಳನ್ನೆಲ್ಲ ಪಠ್ಯವಾಗಿ ಇಡಿ. ಫೋನ್, ಪಿನ್ ಕೋಡ್, ಎಲ್ಲ.

ಕಲ್ಯಾಣ_ಜಂಕ್ಷನ್
ಆ ನಂಬರಿಗೆ ಫೋನ್ ಮಾಡಿದಿರಾ?

ವಾಸ್ಕೋ_ಬಂದರು
ಮಾಡಿದೆ. ಈ ನಂಬರ್ ಅಸ್ತಿತ್ವದಲ್ಲಿಲ್ಲ ಅಂತ ಮೂರು ಭಾಷೆಯಲ್ಲಿ ಹೇಳಿತು.

ಅದೇ ಸೈಟಿನ ಎರಡನೇ ಕಥೆ ಇನ್ನೂ ದೊಡ್ಡದು. ನಾಯಕ್, ಗಾವಡೆ, ಫೆರ್ನಾಂಡಿಸ್ ಎಲ್ಲ ನೋಂದಣಿ ಆಗುತ್ತಿದ್ದರು. ಡಿ'ಸೋಜಾ, ಡಿ'ಮೆಲ್ಲೊ, ಡಿ'ಕೋಸ್ಟಾ ಬಂದರೆ ಮಾತ್ರ ಸೈಟ್ ಬಿದ್ದುಹೋಗುತ್ತಿತ್ತು. ಗೋವಾದಲ್ಲಿ ಇಂಥ ಸೈಟ್ ಇಟ್ಟುಕೊಂಡು ಫುಟ್‌ಬಾಲ್ ಆಡಿಸೋಕೆ ಆಗುತ್ತಾ? ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾಗಿದ್ದು, ಹೆಸರಿನ ಮಧ್ಯದ ಆ ಪುಟ್ಟ ಗೆರೆ. ಎಸ್‌ಕ್ಯೂಎಲ್‌ನಲ್ಲಿ ಪಠ್ಯ ಶುರುವಾಗುವುದೂ ಮುಗಿಯುವುದೂ ಅದೇ ಗೆರೆಯಿಂದ. 'ಡಿ' ಅನ್ನುವಷ್ಟರಲ್ಲಿ ಹೆಸರು ಮುಗಿಯಿತು ಅಂದುಕೊಂಡು, ಉಳಿದ 'ಸೋಜಾ' ಏನೋ ಆಜ್ಞೆ ಅಂತ ಓದಲು ಹೋಗುತ್ತಿತ್ತು.

ಚಿಂಚವಡ_ಚಕ್ಕುಲಿ
ಪಾಪ ಡಿ'ಸೋಜಾ ನಿಮ್ಮನ್ನು ಉಳಿಸಿದರು. ಅದೇ ಜಾಗದಲ್ಲಿ ಒಬ್ಬ ಕಿಡಿಗೇಡಿ ಆ ಗೆರೆ ಹಾಕಿ, ಮುಂದೆ ನಿಜವಾದ ಆಜ್ಞೆಯನ್ನೇ ಬರೆದಿದ್ದರೆ? ಎಲ್ಲರ ಮಾಹಿತಿ ಎಳೆದುಕೊಳ್ಳಬಹುದಿತ್ತು, ಅಳಿಸಲೂಬಹುದಿತ್ತು. ಇದೇ ಎಸ್‌ಕ್ಯೂಎಲ್ ಇಂಜೆಕ್ಷನ್. ಮದ್ದು ಸುಲಭ. ಪ್ರಶ್ನೆಯ ವಾಕ್ಯದೊಳಗೆ ಬಳಕೆದಾರರು ಬರೆದದ್ದನ್ನು ನೇರವಾಗಿ ಅಂಟಿಸಬೇಡಿ. ವಾಕ್ಯದಲ್ಲಿ ಜಾಗ ಬಿಟ್ಟು, ಬೆಲೆಯನ್ನು ಬೇರೆಯಾಗಿ ಕೊಡಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ಪಿಎಚ್‌ಪಿಯಲ್ಲಿ ಪಿಡಿಒ ಅಂತ ಹುಡುಕಿ. ಹಳೆಯ ಯೂಟ್ಯೂಬ್ ಪಾಠಗಳಲ್ಲಿ ಅಂಟಿಸುವುದನ್ನೇ ಕಲಿಸುತ್ತಾರೆ, ನೋಡಿದ ಕೂಡಲೇ ಮುಚ್ಚಿ.

ಹಿಂಜವಡಿ_ಸಿಗ್ನಲ್
ಇಷ್ಟೆಲ್ಲ ಯಾಕೆ? ಮೊಂಗೊಡಿಬಿ ಅಂತ ಬೇರೆ ಥರದ ಡೇಟಾಬೇಸ್ ಇದೆ, ಅದನ್ನು ಹಾಕಿ. ಟೇಬಲ್ ಬೇಡ, ಜಾಯಿನ್ ಬೇಡ. ಒಂದು ಮನೆ ಒಂದು ಡಾಕ್ಯುಮೆಂಟ್, ಮಕ್ಕಳೆಲ್ಲ ಅದರೊಳಗೇ.

ಬಾಣೇರ್_ಬೈಕ್
ಮಗಳು ಮದುವೆಯಾಗಿ ಅದೇ ಸಂಘದ ಇನ್ನೊಂದು ಮನೆಗೆ ಹೋದರೆ? ಆ ಡಾಕ್ಯುಮೆಂಟಿನಿಂದ ಕಿತ್ತು ಈ ಡಾಕ್ಯುಮೆಂಟಿಗೆ ಹಾಕಬೇಕು. ಅವಳು ಒಯ್ದ ಲೈಬ್ರರಿ ಪುಸ್ತಕ ಯಾವ ಮನೆಯದು? ಟೇಬಲ್‌ನಲ್ಲಾದರೆ ಒಂದು ಸಂಖ್ಯೆ ಬದಲಿಸಿದರೆ ಮುಗಿಯಿತು. ಮೊಂಗೊ ಕೆಟ್ಟದ್ದಲ್ಲ. ಆದರೆ ಸಂಘ ಅಂದರೇ ಸಂಬಂಧಗಳು.

ಹಿಂಜವಡಿ_ಸಿಗ್ನಲ್
ಮೊಂಗೊದಲ್ಲೂ ಬೇರೆ ಬೇರೆ ಕಲೆಕ್ಷನ್ ಮಾಡಿ ಸಂಖ್ಯೆಯಿಂದ ಜೋಡಿಸಬಹುದು.

ಬಾಣೇರ್_ಬೈಕ್
ಆಗ ಅದು ಟೇಬಲೇ ಆಯಿತಲ್ಲ ಗುರೂ.

ಹಿಂಜವಡಿ_ಸಿಗ್ನಲ್
ಸಿಗ್ನಲ್ ಬಿಟ್ಟಿತು, ಆಮೇಲೆ ಜಗಳ ಆಡೋಣ.

ಮುಲುಂಡ_ಮಾವ
ವರ್ಡ್‌ಪ್ರೆಸ್ ಅಂತ ವೆಬ್‌ಸೈಟ್ ಮಾಡುವ ಸಾಫ್ಟ್‌ವೇರ್ ಇದೆಯಂತೆ. ಅದರಲ್ಲಿ ಡೇಟಾಬೇಸ್ ತಲೆನೋವಿಲ್ಲ ಅಂತ ನನ್ನ ಅಳಿಯ ಹೇಳಿದ.

ಚಿಂಚವಡ_ಚಕ್ಕುಲಿ
ಮಾವ, ವರ್ಡ್‌ಪ್ರೆಸ್‌ನ ಒಳಗೆ ಇರುವುದೂ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ. ಕಣ್ಣಿಗೆ ಕಾಣಿಸುವುದಿಲ್ಲ ಅಷ್ಟೇ. ಸುದ್ದಿ, ಫೋಟೊ ಹಾಕಲು ಅದು ಚೆನ್ನಾಗಿದೆ. ವಂತಿಗೆ ಲೆಕ್ಕಕ್ಕೆ ನಾನು ಕೊಡುವುದಿಲ್ಲ.

ಡೊಂಬಿವಲಿ_ಪೂರ್ವ
ಹಾಗಾದರೆ ಯಾವುದು ಹಾಕಲಿ? ಮೈಎಸ್‌ಕ್ಯೂಎಲ್, ಮರಿಯಾ, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್... ಮರಿಯಾ ಯಾರು?

ಬಾಣೇರ್_ಬೈಕ್
ಮಗಳು. ಮೈಎಸ್‌ಕ್ಯೂಎಲ್ ಮಾಡಿದವರಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ಅವರ ದೊಡ್ಡ ಮಗಳ ಹೆಸರು ಮೈ, 1995ರಲ್ಲಿ ಅವಳ ಹೆಸರನ್ನೇ ಇಟ್ಟರು. ಅದು 2008ರಲ್ಲಿ ಸನ್ ಕಂಪನಿಗೆ ಹೋಯಿತು. ಸನ್ ಅನ್ನು ಒರಾಕಲ್ ಕೊಳ್ಳುವ ಹೊತ್ತಿಗೆ, 2009ರಲ್ಲಿ ಇವರು ಅದೇ ಕೋಡ್‌ನಿಂದ ಕವಲೊಡೆದು ಇನ್ನೊಂದು ಮಾಡಿದರು, ಚಿಕ್ಕ ಮಗಳು ಮರಿಯಾ ಹೆಸರಲ್ಲಿ. ನಿಮ್ಮ ಕೆಲಸಕ್ಕೆ ಎರಡೂ ಒಂದೇ. ಸೈಟ್ ಇಡಲು ಬಾಡಿಗೆಗೆ ಸಿಗುವ ಅಗ್ಗದ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಇವೆರಡರಲ್ಲಿ ಒಂದು ಸಿಗುತ್ತದೆ.

ಪೋಸ್ಟ್‌ಗ್ರೆಸ್ ನನಗೆ ಹೆಚ್ಚು ಇಷ್ಟ, ಬರ್ಕ್ಲಿಯಲ್ಲಿ ಹುಟ್ಟಿದ್ದು, ಶಿಸ್ತಿನ ಮನೆತನ. ಆದರೆ ಮನೆಯಲ್ಲಿ ಕಲಿಯಲು ಎಸ್‌ಕ್ಯೂಲೈಟ್ ಹಾಕಿ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು. ನಿಮ್ಮ ಫೋನಿನ ಆ್ಯಪ್‌ಗಳೂ ಅದನ್ನೇ ಬಳಸುತ್ತವೆ. 640 ಮನೆಗೆ ನಿಜ ಹೇಳಬೇಕೆಂದರೆ ಅದೇ ಸಾಕು.

ಮುಲುಂಡ_ಮಾವ
ಕೊನೆಗೆ ಒಂದೇ ಫೈಲಿಗೇ ಬಂದಿರಲ್ಲ! ನಾನು ಹೇಳಿದ್ದೇನು?

ಕಲ್ಯಾಣ_ಜಂಕ್ಷನ್
ಮಾವ 1, ಪುಣೆ 0.

ಡೊಂಬಿವಲಿ_ಪೂರ್ವ
ನಿನ್ನೆ ರಾತ್ರಿ ಹೋಸ್ಟಿಂಗ್‌ನಲ್ಲಿ ಮೈಎಸ್‌ಕ್ಯೂಎಲ್ ಹಾಕಿ ಹತ್ತು ಹೆಸರು ತುಂಬಿಸಿದೆ. ಇಂಗ್ಲಿಷ್ ಸರಿ ಬಂತು. ಕನ್ನಡ ಹೆಸರೆಲ್ಲ ಬರೀ ಪ್ರಶ್ನೆ ಚಿಹ್ನೆ. ????? ಅಂತ.

ಹಿಂಜವಡಿ_ಸಿಗ್ನಲ್
ಅಕ್ಷರಗಳನ್ನು ಯಾವ ಸಂಕೇತದಲ್ಲಿ ಇಡಬೇಕು ಅಂತ ಒಂದು ಆಯ್ಕೆ ಇರುತ್ತದೆ. ಅಲ್ಲಿ ಯುಟಿಎಫ್8 ಅಲ್ಲ, ಯುಟಿಎಫ್8ಎಂಬಿ4 ಹಾಕಬೇಕು. ಅದಿಲ್ಲದಿದ್ದರೆ ಕನ್ನಡ ಬರುವುದೇ ಇಲ್ಲ.

ಚಿಂಚವಡ_ಚಕ್ಕುಲಿ
ಹಾಕುವುದು ಸರಿ, ಕಾರಣ ತಪ್ಪು. ಯುಟಿಎಫ್8ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್8 ಕೂಡ 3 ಬೈಟ್‌ವರೆಗೆ ಹಿಡಿಯುತ್ತಿತ್ತು, ಕನ್ನಡ ಅದರಲ್ಲೂ ಕೂರುತ್ತದೆ. ಕೂರದೆ ಹೋಗುತ್ತಿದ್ದುದು ಎಮೋಜಿ, ಅದಕ್ಕೆ 4 ಬೈಟ್ ಬೇಕು. ಪ್ರಶ್ನೆ ಚಿಹ್ನೆ ಬಂತು ಅಂದರೆ ನಿಮ್ಮ ಟೇಬಲ್ ಅಥವಾ ಕನೆಕ್ಷನ್ ಇಂಗ್ಲಿಷ್ ಥರದ ಲಿಪಿಗಳಿಗಷ್ಟೇ ಆಗುವ ಲ್ಯಾಟಿನ್1ನಲ್ಲಿದೆ. ಎರಡೂ ಕಡೆ ಎಂಬಿ4 ಮಾಡಿ. ಮೈಎಸ್‌ಕ್ಯೂಎಲ್ 8ರಲ್ಲಿ ಅದೇ ಮೊದಲಿನಿಂದ ಬರುತ್ತದೆ. ಟೇಬಲ್ಲೇ ಲ್ಯಾಟಿನ್1 ಆಗಿದ್ದರೆ ಹಾಗೆ ಹೋದ ಅಕ್ಷರಗಳು ವಾಪಸ್ ಬರುವುದಿಲ್ಲ, ಅಲ್ಲಿರುವುದು ಈಗ ನಿಜವಾದ ಪ್ರಶ್ನೆ ಚಿಹ್ನೆಗಳೇ. ಮತ್ತೆ ತುಂಬಿಸಿ. ಹತ್ತಕ್ಕೇ ಗೊತ್ತಾಯಿತಲ್ಲ, ಪುಣ್ಯ.

ಕಾಲಂ ಉದ್ದ ಕೊಡುವಾಗ ಕೈ ಬಿಗಿ ಹಿಡಿಯಬೇಡಿ. 'ಸ್ತ್ರೀ' ನಮಗೆ ಒಂದು ಅಕ್ಷರ. ಕಂಪ್ಯೂಟರಿಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈ. ಒಟ್ಟು ಆರು.

ಮಡಗಾಂವ್_ಮಳೆ
ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಕನ್ನಡ ಬಂದದ್ದಕ್ಕೆ ಬಾಯಿ ಬಿಡುತ್ತೇನೆ. ನಾನು ಪುಸ್ತಕಗಳ ಪಟ್ಟಿ ಮಾಡಿದವಳು. ಅಕಾರಾದಿ ಜೋಡಿಸಲು ಹೇಳಿದರೆ 'ಕಳಸ' ಮೊದಲು, 'ಕವಿತೆ' ಆಮೇಲೆ ಬಂತು. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದಮೇಲೆ. ಯುನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಅದನ್ನು ಲ ಪಕ್ಕದಲ್ಲಿ, ವ ಮುಂಚೆ ಕೂರಿಸಿದ್ದಾರೆ. ಬರೀ ಸಂಕೇತದ ಸಂಖ್ಯೆ ನೋಡಿ ಜೋಡಿಸಿದರೆ ಹೀಗಾಗುತ್ತದೆ. ಕೊಲೇಶನ್ ಅಂತ ಒಂದು ಆಯ್ಕೆ ಇರುತ್ತದೆ, ಬೈನರಿ ಬಿಟ್ಟು ಬೇರೆ ಹಾಕಿ ಇದೇ ಎರಡು ಪದಗಳನ್ನು ಕೊಟ್ಟು ಪರೀಕ್ಷೆ ಮಾಡಿ.

ಹುಡುಕಾಟದಲ್ಲೂ ಒಂದು ಕಾಟವಿದೆ. 'ಕೋ' ಬರೆಯಲು ಎರಡು ದಾರಿ. ಒಂದೇ ಸಂಕೇತದ ಓ ಕಾರ, ಇಲ್ಲವೇ ಒ ಕಾರಕ್ಕೆ ದೀರ್ಘ ಸೇರಿಸಿದ್ದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ ಆಗಬಹುದು. ಒಳಗೆ ಹಾಕುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ಎನ್‌ಎಫ್‌ಸಿ ಅಂತ ಹುಡುಕಿದರೆ ಸಿಗುತ್ತದೆ.

ಡೊಂಬಿವಲಿ_ಪೂರ್ವ
ನಮ್ಮ ಹಳೆಯ ಪಟ್ಟಿ ಅರ್ಧ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದೆ.

ಮಡಗಾಂವ್_ಮಳೆ
ಅದು ಯುನಿಕೋಡ್ ಅಲ್ಲ. ಫಾಂಟ್ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕ ಹಾಕಿ ಬದಲಿಸಿ, ಆಮೇಲೆ ಕೂತು ಓದಿ. ಒತ್ತಕ್ಷರಗಳು ಅಲ್ಲಲ್ಲಿ ಕೈ ಕೊಡುತ್ತವೆ. ಬೇರೆ ದಾರಿಯಿಲ್ಲ. ಚಹಾ ಮಾಡಿಕೊಳ್ಳಿ.

ಮಾಟುಂಗಾ_ಮಾರಾಯ
ಕಾಫಿ.

ಬಾಣೇರ್_ಬೈಕ್
ಪಿಕ್‌ನಿಕ್ ನೋಂದಣಿ ಮಾಡುವಾಗ ಒಂದು ಎಚ್ಚರ. 49 ಸೀಟಿನ ಬಸ್, 48 ತುಂಬಿದೆ. ಇಬ್ಬರು ಒಂದೇ ಕ್ಷಣಕ್ಕೆ ನೋಡುತ್ತಾರೆ, ಇಬ್ಬರಿಗೂ 'ಒಂದು ಸೀಟ್ ಇದೆ' ಅಂತ ಕಾಣುತ್ತದೆ, ಇಬ್ಬರೂ ಒತ್ತುತ್ತಾರೆ. 50 ಜನ. 'ಇದೆಯಾ ನೋಡು, ಇದ್ದರೆ ಕೊಡು' ಅನ್ನೋದು ಒಂದೇ ಉಸಿರಿನಲ್ಲಿ ಆಗಬೇಕು, ಮಧ್ಯೆ ಯಾರೂ ನುಗ್ಗಬಾರದು. ಅದಕ್ಕೆ ಟ್ರಾನ್ಸಾಕ್ಷನ್, ಜೊತೆಗೆ ಲಾಕ್. ಇನ್ನೂ ಸುಲಭದ ದಾರಿ: 49 ಸೀಟಿಗೆ 49 ಸಾಲು ಮೊದಲೇ ಮಾಡಿಟ್ಟು, ಒಂದೊಂದಕ್ಕೆ ಹೆಸರು ಬರೆಯುವುದು. ಹೆಸರಿಲ್ಲದ ಸಾಲಿಗೆ ಮಾತ್ರ ಬರೆ ಅಂತ ಆಜ್ಞೆ ಕೊಡಿ. ಎರಡನೆಯವರಿಗೆ ಸಾಲೇ ಸಿಗುವುದಿಲ್ಲ.

ಕಲ್ಯಾಣ_ಜಂಕ್ಷನ್
ಲೋಕಲ್‌ನಲ್ಲಿ ಮೂವರ ಬೆಂಚಿನಲ್ಲಿ ನಾಲ್ಕನೇ ಸೀಟ್ ಅಂತ ಒಂದಿದೆ. ಅದಕ್ಕೆ ಸಾಲು ಬೇಡ, 'ಸರಕ್ ನಾ', ಸ್ವಲ್ಪ ಸರಿಯಪ್ಪಾ ಅಂದರೆ ಸಾಕು.

ಚಿಂಚವಡ_ಚಕ್ಕುಲಿ
ನಾನು ಕೊನೆಗೆ ಮೂರು ಗದರಿಕೆ ಹಾಕಿ ಹೋಗುತ್ತೇನೆ. ಪಾಸ್‌ವರ್ಡನ್ನು ಇದ್ದ ಹಾಗೆ ಇಡಬೇಡಿ, ಪಿಎಚ್‌ಪಿಯಲ್ಲೇ ಅದನ್ನು ಹ್ಯಾಶ್ ಮಾಡುವ, ಅಂದರೆ ತಿರುಗಿ ಓದಲಾಗದ ಹಾಗೆ ಬದಲಿಸುವ ಫಂಕ್ಷನ್ ಇದೆ. ಆಧಾರ್ ನಂಬರ್ ಕೇಳಲೇಬೇಡಿ. ಸಂಘದ ಪಿಕ್‌ನಿಕ್‌ಗೆ ಆಧಾರ್ ಯಾಕೆ ಬೇಕು? ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಇಲ್ಲದ ಮಾಹಿತಿಯನ್ನು ಯಾರೂ ಕದಿಯಲಾರರು.

ಬ್ಯಾಕಪ್ ತೆಗೆಯಿರಿ, ಅದರಿಂದ ಒಮ್ಮೆ ವಾಪಸ್ ತುಂಬಿಸಿಯೂ ನೋಡಿ. ಹಿಂದೆ ಒಂದು ಕಡೆ ನಾವು ಎರಡು ವರ್ಷ ದಿನಾ ಬ್ಯಾಕಪ್ ತೆಗೆದೆವು. ಬೇಕಾದ ದಿನ ತೆರೆದರೆ ಎಲ್ಲ ಫೈಲೂ ಸೊನ್ನೆ ಕೆಬಿ. ಡಿಸ್ಕ್ ತುಂಬಿ ಯಾವ ಕಾಲವಾಗಿತ್ತೋ.

ಡೊಂಬಿವಲಿ_ಪೂರ್ವ
ಎರಡು ವಾರ ಕಾಣೆಯಾಗಿದ್ದೆ, ಕ್ಷಮಿಸಿ. ಮದುವೆ ಕಾಗದದ ಹಿಂಬದಿಯಲ್ಲಿ ಟೇಬಲ್ ಬರೆದೆ. ನಾಲ್ಕಾಯಿತು: ಮನೆ, ಸದಸ್ಯ, ಪಾವತಿ, ಪುಸ್ತಕ. ಪುಸ್ತಕ ಯಾರು ಯಾವತ್ತು ಒಯ್ದರು ಅಂತ ಬರೆಯಲು ಹೋದಾಗ ಐದನೆಯದು ಬೇಕೇ ಬೇಕು ಅನಿಸಿತು. ಯಾರೂ ಹೇಳದೆ ಹೊಳೆದದ್ದು ಅದೊಂದೇ, ಹಾಗಾಗಿ ಸ್ವಲ್ಪ ಜಂಬವಿದೆ. ಸ್ಟೇಷನ್ ಹೆಸರನ್ನು ಶೀಟ್‌ನಲ್ಲಿ ಡೊಂಬಿವಲಿ, ಡೋಂಬಿವಲಿ, ಡೊಂಬಿವ್ಲಿ, ಡೊಂ.ಪೂ. ಅಂತ ಏಳು ಥರ ಬರೆದಿದ್ದೆವು. ಅದನ್ನೂ ಬೇರೆ ಟೇಬಲ್ ಮಾಡಿ ಪಟ್ಟಿಯಿಂದ ಆರಿಸುವ ಹಾಗೆ ಇಟ್ಟೆ. ಆರಾಯಿತು.

ಕನ್ನಡ ಸರಿ ಬರುತ್ತಿದೆ. ಡಿ'ಸೋಜಾ ಅಂತ ಹಾಕಿಯೂ ನೋಡಿದೆ, ಬೀಳಲಿಲ್ಲ. ನಮ್ಮಲ್ಲಿ ಡಿ'ಸೋಜಾ ಯಾರೂ ಇಲ್ಲ, ಆದರೂ.

ಒಂದು ಫಜೀತಿ ಆಗಿದೆ. ಮೂರೂ ಶೀಟ್ ಸೇರಿಸಿ, ಒಂದೇ ಮನೆ ಎರಡು ಸಲ ಬಂದದ್ದನ್ನೆಲ್ಲ ತೆಗೆದ ಮೇಲೆ ಉಳಿದದ್ದು 611. ನಾವು ಇಷ್ಟು ವರ್ಷ ಎಲ್ಲ ಭಾಷಣದಲ್ಲೂ 640 ಮನೆ ಅಂತಿದ್ದೆವು. ಉಳಿದ 29 ಮನೆ ಎಲ್ಲಿ ಹೋಯಿತು ಅಂತ ಅಧ್ಯಕ್ಷರು ಕೇಳುತ್ತಿದ್ದಾರೆ. ಡೇಟಾಬೇಸ್ ಅಳಿಸಿತು ಅಂದುಕೊಂಡಿದ್ದಾರೆ.

ಮುಲುಂಡ_ಮಾವ
ಎಕ್ಸೆಲ್‌ನಲ್ಲಿದ್ದಾಗ ಒಂದು ಮನೆಯೂ ಕಳೆದಿರಲಿಲ್ಲ.

ಕಲ್ಯಾಣ_ಜಂಕ್ಷನ್
'ಫೈನಲ್ ಹೊಸದು 2'ನಲ್ಲಿ ನೋಡಿ, ಅಲ್ಲೇ ವಾಸವಾಗಿರುತ್ತಾರೆ.